ಶಾಲೆ ಬಿಡದೆ ಪಿಎಚ್‌ಡಿ: ಶೈಕ್ಷಣಿಕ ನಾಯಕತ್ವದಲ್ಲಿ ಡಾಕ್ಟರೇಟ್ ಮಾಡುವವರಿಗೆ

ಒಂದೇ ಹೋಬಳಿ, ಒಂದೇ ಥರದ ಮನೆಗಳಿಂದ ಬರುವ ಮಕ್ಕಳು, ಒಂದೇ ಅನುದಾನ. ಆದರೂ ಒಂದು ಶಾಲೆ ಚೆನ್ನಾಗಿ ನಡೆಯುತ್ತದೆ, ಪಕ್ಕದೂರಿನದು ಕುಂಟುತ್ತದೆ. ಯಾಕೆ ಅಂತ ಸ್ಟಾಫ್ ರೂಮಿನಲ್ಲಿ ಕೇಳಿ ನೋಡಿ. ಬಹಳ ಜನ ಹೆಡ್‌ಮಾಸ್ಟರ್ ಕೋಣೆಯ ಕಡೆ ಕಣ್ಣು ಮಾಡುತ್ತಾರೆ. ಹಾಗೆ ಕಣ್ಣು ಮಾಡುವುದನ್ನು ಬಿಟ್ಟು, ಸಾಕ್ಷಿ ಇಟ್ಟು ಹೌದೋ ಅಲ್ಲವೋ ಅಂತ ತೋರಿಸುವುದು ಶೈಕ್ಷಣಿಕ ನಾಯಕತ್ವದ ಸಂಶೋಧನೆ.

ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಲೇ ಈ ವಿಷಯದಲ್ಲಿ ಪಿಎಚ್‌ಡಿ ಮುಗಿಸಿದವನು. ಆಗಾಗ ಯಾರಾದರೂ ಸಹೋದ್ಯೋಗಿಗಳು ಫೋನ್ ಮಾಡಿ, 'ಸಾರ್, ಏನೇನು ಬೇಕು?' ಅಂತ ಕೇಳುತ್ತಾರೆ. ಬೇಕಾದ ಕಾಗದಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಯಾವುದನ್ನು ಮೊದಲು ಮಾಡಬೇಕು ಅನ್ನುವುದು ಸಿಗುವುದಿಲ್ಲ. ನಾನು ನೋಡಿದ ಹಾಗೆ, ದಾರಿ ತಪ್ಪಿದವರಲ್ಲಿ ಜಾಸ್ತಿ ಜನ ಮಹಾಪ್ರಬಂಧ ಬರೆಯಲಾಗದೆ ಸೋತವರಲ್ಲ. ಕೆಲಸಗಳನ್ನು ಹಿಂದುಮುಂದಾಗಿ ಮಾಡಿದವರು.

ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳೋಣ. 'ಶೈಕ್ಷಣಿಕ ನಾಯಕತ್ವದಲ್ಲಿ ಪಿಎಚ್‌ಡಿ' ಅಂತ ಹುಡುಕಿದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಇಲ್ಲಿ ಪದವಿಯ ಹೆಸರು ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌ಡಿ. ನಾಯಕತ್ವ ಅನ್ನುವುದು ನೀವು ಆರಿಸಿಕೊಳ್ಳುವ ವಿಷಯ. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಇಲ್ಲೆಲ್ಲ ಶಿಕ್ಷಣ ವಿಭಾಗಗಳಿವೆ. ನಾಯಕತ್ವ ಮತ್ತು ಆಡಳಿತಕ್ಕೇ ಮೀಸಲಾದ ಸಂಸ್ಥೆ ಬೇಕೆಂದರೆ ದೆಹಲಿಯ ನೀಪಾ (ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ) ಇದೆ. ಅದು 2006ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅಲ್ಲಿ ಶಿಕ್ಷಣ ನೀತಿ, ಯೋಜನೆ, ಆಡಳಿತದ ಮೇಲೇ ಪಿಎಚ್‌ಡಿ ಮಾಡಬಹುದು. ಶಾಲಾ ನಾಯಕತ್ವದ ರಾಷ್ಟ್ರೀಯ ಕೇಂದ್ರವೂ ಅಲ್ಲೇ ಇದೆ.

ಎಲ್ಲ ಕಡೆಗೂ ಈಗ ಒಂದೇ ಮೂಲ ನಿಯಮ. ಅದು 2022ರ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೊರಡಿಸಿದ ಪಿಎಚ್‌ಡಿ ನಿಯಮಾವಳಿ. ನಾನು ಸೇರಿದಾಗ 2016ರದ್ದು ನಡೆಯುತ್ತಿತ್ತು. ಹಳಬರು ಹೇಳುವ ಎಷ್ಟೋ ಮಾತು ಆ ಹಳೆಯ ನಿಯಮದ್ದು, ಹುಷಾರು.

ಮೊದಲ ಕೆಲಸ: ನಿಮ್ಮ ಪಿಜಿ ಯಾವುದು ನೋಡಿ

ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ ಶೇ 5 ರಿಯಾಯಿತಿ. ನಾಲ್ಕು ವರ್ಷದ ಪದವಿ ಮಾಡಿ ಶೇ 75 ತೆಗೆದವರೂ ಅರ್ಜಿ ಹಾಕಬಹುದು. ಆದರೆ ನಮ್ಮಂಥ ಹಳೆಯ ಬ್ಯಾಚಿನವರಿಗೆ ಅದು ಅನ್ವಯಿಸುವುದಿಲ್ಲ ಬಿಡಿ.

ಅಂಕಕ್ಕಿಂತ ದೊಡ್ಡ ತೊಡಕು ವಿಷಯದ್ದು. ಪ್ರೌಢಶಾಲೆಯ ಎಷ್ಟೋ ಮೇಷ್ಟ್ರುಗಳ ಬಳಿ ಇರುವುದು ಇತಿಹಾಸದ ಎಂ.ಎ. ಇಲ್ಲವೇ ಗಣಿತದ ಎಂ.ಎಸ್ಸಿ., ಜೊತೆಗೆ ಬಿ.ಎಡ್. ಶಿಕ್ಷಣ ವಿಭಾಗಗಳು ಸಾಮಾನ್ಯವಾಗಿ ಕೇಳುವುದು ಎಂ.ಎಡ್. ಅಥವಾ ಶಿಕ್ಷಣದಲ್ಲಿ ಎಂ.ಎ. ಬಿ.ಎಡ್. ಇದೆಯಲ್ಲ, ಸಾಲದಾ ಅಂದರೆ ಸಾಲದು. ಎಂ.ಎಡ್. ಈಗ ಎರಡು ವರ್ಷದ ಕೋರ್ಸ್, ಕೆಲಸದಲ್ಲಿದ್ದುಕೊಂಡು ಮಾಡುವುದು ಕಷ್ಟ. ಇಂಥವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಶಿಕ್ಷಣ ಎಂ.ಎ. ಒಳ್ಳೆಯ ದಾರಿ. ಪಿಎಚ್‌ಡಿಯನ್ನು ದೂರಶಿಕ್ಷಣದಲ್ಲಿ ಮಾಡುವ ಹಾಗಿಲ್ಲ, ಎಂ.ಎ.ಯನ್ನು ಮಾಡಬಹುದು. ಎರಡು ವರ್ಷ ಹಿಂದೆ ಬಿದ್ದೆವು ಅನ್ನಿಸುತ್ತದೆ. ಆದರೆ ಆ ಎರಡು ವರ್ಷದಲ್ಲಿ ಓದುವ ಶಿಕ್ಷಣದ ತತ್ವಶಾಸ್ತ್ರ, ಸಮಾಜಶಾಸ್ತ್ರ, ಸಂಶೋಧನಾ ವಿಧಾನವೇ ಮುಂದೆ ಪ್ರವೇಶ ಪರೀಕ್ಷೆಗೂ ಬರುತ್ತದೆ.

ಎರಡನೆಯದು ಎನ್‌ಒಸಿ. ಹೌದು, ಪರೀಕ್ಷೆಗಿಂತ ಮೊದಲೇ

'ಕೂಸು ಹುಟ್ಟುವ ಮುಂಚೆ ಕುಲಾವಿ' ಅಂತ ಮನೆಯವರು ನಗಬಹುದು. ನಗಲಿ. ಪಾರ್ಟ್ ಟೈಂ ಪಿಎಚ್‌ಡಿಗೆ ಯುಜಿಸಿ ಒಪ್ಪಿಗೆ ಇದೆ. ಆದರೆ ಕೆಲಸ ಕೊಟ್ಟವರ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. ಅದರಲ್ಲಿ ಮೂರು ಮಾತು ಇರಲೇಬೇಕು. ಒಂದು, ಇವರು ಪಾರ್ಟ್ ಟೈಂ ಆಗಿ ಓದಲು ಅನುಮತಿ ಇದೆ. ಎರಡು, ಇವರ ಕೆಲಸದ ಸ್ವರೂಪದಲ್ಲಿ ಸಂಶೋಧನೆಗೆ ಸಮಯ ಸಿಗುತ್ತದೆ. ಮೂರು, ಬೇಕಾದರೆ ಕೋರ್ಸ್ ವರ್ಕ್ (ಸಂಶೋಧನೆಗೆ ಮುಂಚಿನ ತರಗತಿ ಪಾಠ) ಮುಗಿಸಲು ಇವರನ್ನು ಕೆಲಸದಿಂದ ಬಿಡುಗಡೆ ಮಾಡುತ್ತೇವೆ.

ಮೂರನೇ ಮಾತಿನಲ್ಲಿ ಕಡತ ಸಿಕ್ಕಿಕೊಳ್ಳುತ್ತದೆ. 'ಅನುಮತಿ ನೀಡಲಾಗಿದೆ' ಅಂತ ಒಂದೇ ಸಾಲಿನ ಪತ್ರ ತಂದು, ವಿಶ್ವವಿದ್ಯಾಲಯ ಅದನ್ನು ವಾಪಸ್ ಕಳಿಸಿ, ಅಷ್ಟರಲ್ಲಿ ಕೊನೆಯ ದಿನ ದಾಟಿದವರು ನನಗೇ ಇಬ್ಬರು ಗೊತ್ತು. ಸರ್ಕಾರಿ ಶಾಲೆಯವರಾದರೆ ಅರ್ಜಿ ಬಿಇಒ ಕಚೇರಿಯಿಂದ ಮೇಲೆ ಹೋಗಬೇಕು. ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ವಿಶ್ವವಿದ್ಯಾಲಯದ ಎನ್‌ಒಸಿ ನಮೂನೆಯನ್ನು ಹಿಂದಿನ ವರ್ಷದ ಅಧಿಸೂಚನೆಯಿಂದ ತೆಗೆದು, ಅದೇ ಪದಗಳಲ್ಲಿ ಟೈಪ್ ಮಾಡಿಸಿ, ಅರ್ಜಿಯ ಜೊತೆ ಲಗತ್ತಿಸಿ ಕೊಡಿ. ಮೇಲಿನವರಿಗೆ ಸಹಿ ಹಾಕುವುದಷ್ಟೇ ಕೆಲಸ ಉಳಿಯುವ ಹಾಗೆ ಮಾಡಿದರೆ ಕಡತ ಬೇಗ ಓಡುತ್ತದೆ.

ಮೂರನೆಯದು ಪರೀಕ್ಷೆ

ಇಲ್ಲಿ ಎರಡು ಬಾಗಿಲು. ಒಂದು ಯುಜಿಸಿ ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಶಿಕ್ಷಣದ ವಿಷಯ ಸಂಕೇತ 09. ಮೂರು ಗಂಟೆ, 150 ಪ್ರಶ್ನೆ, 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಶಿಕ್ಷಣದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲೇ ಓದಿದವರು ಪಾರಿಭಾಷಿಕ ಪದಗಳನ್ನು ಇಂಗ್ಲಿಷ್‌ನಲ್ಲೂ ಗುರುತು ಹಿಡಿಯುವಷ್ಟು ಅಭ್ಯಾಸ ಮಾಡಿಕೊಳ್ಳಿ. 2024ರಿಂದ ನೆಟ್ ಫಲಿತಾಂಶದಲ್ಲಿ ಮೂರು ಮಟ್ಟಗಳಿವೆ. ಜೆಆರ್‌ಎಫ್ (ಸಂಶೋಧನೆಗೆ ತಿಂಗಳ ಫೆಲೋಶಿಪ್) ಮೇಲಿನದು, ಸಹಾಯಕ ಪ್ರಾಧ್ಯಾಪಕ ಅರ್ಹತೆ ನಡುವಿನದು, ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ ಕೊನೆಯದು. ಕೊನೆಯ ಎರಡು ಮಟ್ಟದವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಆ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದೇ ವರ್ಷ ನಡೆಯುತ್ತದೆ. ನೆಟ್ ಬರೆದು ಆರಾಮಾಗಿ ಕೂತರೆ ಹಳಸಿಹೋಗುತ್ತದೆ.

ಇನ್ನೊಂದು ಬಾಗಿಲು ವಿಶ್ವವಿದ್ಯಾಲಯದ್ದೇ ಪ್ರವೇಶ ಪರೀಕ್ಷೆ. ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯ. ಸಂದರ್ಶನಕ್ಕೆ ಹೋಗಲು ಶೇ 50 ಬರಬೇಕು. ಇಲ್ಲೂ 70 ಮತ್ತು 30ರ ಲೆಕ್ಕವೇ. ನೆಟ್ ಅಥವಾ ಕೆ-ಸೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಆದವರಿಗೆ ಹಲವು ವಿಶ್ವವಿದ್ಯಾಲಯಗಳು ಈ ಪರೀಕ್ಷೆಯಿಂದ ವಿನಾಯಿತಿ ಕೊಡುತ್ತವೆ. ಕೆ-ಸೆಟ್ ಅನ್ನು ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತದೆ.

ಫುಲ್ ಟೈಂ ಮಾಡುವ ಚಿಕ್ಕ ವಯಸ್ಸಿನವರಿಗೆ ಜೆಆರ್‌ಎಫ್ ದೊಡ್ಡ ಆಸರೆ. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಸಂಬಳ ತೆಗೆದುಕೊಂಡು ಪಾರ್ಟ್ ಟೈಂ ಓದುವ ನಮಗೆ ಅದು ಇಲ್ಲ.

ಗೈಡ್ ಮತ್ತು ಪ್ರಶ್ನೆ

ಇಲ್ಲಿ ಆತುರ ಮಾಡಬೇಡಿ. ನಿಮ್ಮ ಮುಂದಿನ ಐದಾರು ವರ್ಷ ಈ ಎರಡರ ಮೇಲೆ ನಿಂತಿರುತ್ತದೆ.

ಒಬ್ಬ ಪ್ರೊಫೆಸರ್ ಒಂದು ಸಮಯಕ್ಕೆ 8 ಜನರಿಗೆ, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಆದ್ದರಿಂದ ಅಧಿಸೂಚನೆ ಬರುವ ಮೊದಲೇ ಯಾರ ಬಳಿ ಜಾಗ ಇದೆ, ಯಾರು ಯಾವಾಗ ನಿವೃತ್ತರಾಗುತ್ತಾರೆ ಅಂತ ವಿಚಾರಿಸಿ. ನಿವೃತ್ತಿಯ ವರ್ಷ ಕೇಳುವುದು ಒಂಥರಾ ಮುಜುಗರ. ಕಚೇರಿಯ ಗುಮಾಸ್ತರನ್ನು ಕೇಳಿದರೆ ಆಯಿತು.

ಗೈಡ್ ಹೇಗಿರುತ್ತಾರೆ ಅಂತ ತಿಳಿಯಲು ಅವರ ಕೆಳಗೆ ಆದ ಮಹಾಪ್ರಬಂಧಗಳನ್ನೇ ಓದಿ. ಶೋಧಗಂಗಾ ಜಾಲತಾಣದಲ್ಲಿ ದೇಶದ ಲಕ್ಷಾಂತರ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಗೈಡ್ ಹೆಸರು ಹಾಕಿ ಹುಡುಕಿ, ಎರಡು ಮೂರು ತೆರೆದು ನೋಡಿ. ಎಲ್ಲದರಲ್ಲೂ ಒಂದೇ ಅಚ್ಚು, ಊರಿನ ಹೆಸರು ಮಾತ್ರ ಬೇರೆ ಅನ್ನಿಸಿದರೆ ಸ್ವಲ್ಪ ಯೋಚನೆ ಮಾಡಿ.

ಇನ್ನು ಪ್ರಶ್ನೆ. ನನ್ನ ಮೊದಲ ಸಿನಾಪ್ಸಿಸ್ (ಸಂಶೋಧನಾ ಪ್ರಸ್ತಾವ) ಹೆಸರು 'ಕರ್ನಾಟಕದ ಪ್ರೌಢಶಾಲೆಗಳಲ್ಲಿ ನಾಯಕತ್ವ ಮತ್ತು ಗುಣಮಟ್ಟ: ಒಂದು ಅಧ್ಯಯನ'. ಸಂದರ್ಶನದಲ್ಲಿ ಒಬ್ಬ ಹಿರಿಯರು ಅದನ್ನು ನೋಡಿ, 'ಕರ್ನಾಟಕ ಪೂರ್ತಿ ನೀವೊಬ್ಬರೇ ಸುತ್ತುತ್ತೀರಾ? ಬಸ್ ಪಾಸ್ ಇದೆಯಾ?' ಅಂದರು. ನಕ್ಕರು ಎಲ್ಲರೂ. ನಾನೂ ನಕ್ಕೆ, ಆಮೇಲೆ ಮನೆಗೆ ಬಂದು ಹರಿದು ಹಾಕಿದೆ.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಶಾಲೆಗಳು ಪ್ರಭಾರಿ ಮುಖ್ಯ ಶಿಕ್ಷಕರ ಕೈಯಲ್ಲಿವೆ? ಖಾಯಂ ಹುದ್ದೆ ಇಲ್ಲದ ಮನುಷ್ಯ ತನ್ನ ಸಹೋದ್ಯೋಗಿಗಳಿಗೆ ಹೇಗೆ ಹೇಳುತ್ತಾನೆ, ಅವರು ಹೇಗೆ ಕೇಳುತ್ತಾರೆ? ಇದು ಒಂದು ಪ್ರಶ್ನೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಹೆಡ್‌ಮಾಸ್ಟರ್‌ಗೂ ಹೊಂದಾಣಿಕೆ ಇರುವ ಕಡೆ, ಇಲ್ಲದ ಕಡೆ ಶಾಲೆಯಲ್ಲಿ ಏನು ಬದಲಾಗುತ್ತದೆ? ಕರ್ನಾಟಕ ಪಬ್ಲಿಕ್ ಶಾಲೆಯಲ್ಲಿ ಒಂದೇ ಆವರಣದೊಳಗೆ ಪ್ರಾಥಮಿಕ, ಪ್ರೌಢ, ಪಿಯು ಮೂರೂ ಇವೆ. ಅಲ್ಲಿ ನಿಜಕ್ಕೂ ಯಜಮಾನ ಯಾರು? ಮಲೆನಾಡಿನ ಎರಡು ಶಿಕ್ಷಕರ ಶಾಲೆಯಲ್ಲಿ ನಾಯಕತ್ವ ಅನ್ನುವ ಮಾತಿಗೆ ಅರ್ಥವೇನು? ಇವೆಲ್ಲ ನಮಗೇ ಗೊತ್ತಿರುವ, ಹೊರಗಿನ ಸಂಶೋಧಕರಿಗೆ ಸುಲಭಕ್ಕೆ ಕಾಣದ ಪ್ರಶ್ನೆಗಳು. ಕೆಲಸದಲ್ಲಿದ್ದು ಓದುವವರಿಗೆ ಇರುವ ಲಾಭವೇ ಇದು. ಅದನ್ನು ಬಿಟ್ಟು 'ಪರಿವರ್ತನಾತ್ಮಕ ನಾಯಕತ್ವ ಮತ್ತು ವೃತ್ತಿ ತೃಪ್ತಿಯ ಸಂಬಂಧ' ಅಂತ ನೂರಾರು ಜನ ಮಾಡಿದ್ದನ್ನೇ ಯಾಕೆ ಮಾಡಬೇಕು?

ಅವಧಿ, ಕೋರ್ಸ್ ವರ್ಕ್

ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೂ ಎರಡು ವರ್ಷ, ಅಂದರೆ ಒಟ್ಟು 10ರವರೆಗೆ. ಹೆರಿಗೆ ಅಥವಾ ಮಕ್ಕಳ ಆರೈಕೆಗೆ 240 ದಿನದವರೆಗೆ ರಜೆಯೂ ಇದೆ.

ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್. ಸಂಶೋಧನಾ ವಿಧಾನದ ಜೊತೆ, ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಬಗ್ಗೆ ಒಂದು ಪತ್ರಿಕೆ ಕಡ್ಡಾಯ. ಶೇ 55 ಬರದಿದ್ದರೆ ಮುಂದೆ ಹೋಗುವಂತಿಲ್ಲ. ಪ್ರತಿ ಸೆಮಿಸ್ಟರ್‌ಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಮಾಡಿದ ಕೆಲಸ ತೋರಿಸಬೇಕು. ಅದನ್ನು ಶಿಕ್ಷೆ ಅಂತ ನೋಡಬೇಡಿ. ಪಾರ್ಟ್ ಟೈಂನವರಿಗೆ ಆರು ತಿಂಗಳಿಗೊಂದು ಕೊನೆಯ ದಿನ ಇಲ್ಲದಿದ್ದರೆ ಪುಸ್ತಕ ತೆರೆಯುವುದೇ ಇಲ್ಲ, ನಿಜ ಹೇಳಬೇಕೆಂದರೆ.

ಮಾಹಿತಿ ಸಂಗ್ರಹ

ನಾನು ಜಾಸ್ತಿ ತಪ್ಪು ಮಾಡಿದ್ದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಯಕತ್ವ ಅಳೆಯುವ ಸಿದ್ಧ ಪ್ರಶ್ನಾವಳಿಗಳು ಬಹಳ ಇವೆ. ಫಿಲಿಪ್ ಹ್ಯಾಲಿಂಜರ್ 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪಿಸಿದ ಪಿಐಎಂಆರ್‌ಎಸ್ ತುಂಬ ಬಳಕೆಯಲ್ಲಿದೆ. 50 ಹೇಳಿಕೆಗಳ ಮೂಲಕ ಅದು ಪ್ರಿನ್ಸಿಪಾಲರ 10 ಕೆಲಸಗಳನ್ನು ಅಳೆಯುತ್ತದೆ. 'ಪಾಠದ ಸಮಯವನ್ನು ಕಾಪಾಡುವುದು' ಅವುಗಳಲ್ಲಿ ಒಂದು. ಒಳ್ಳೆಯ ಸಲಕರಣೆ, ಆದರೆ ಅಲ್ಲಿನ ಪ್ರಿನ್ಸಿಪಾಲರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಮ್ಮ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಶಿಕ್ಷಕರನ್ನು ನೇಮಿಸುವುದಿಲ್ಲ, ತೆಗೆಯುವುದಿಲ್ಲ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಆಗುತ್ತದೆ. ಅವರ ಬೆಳಗ್ಗೆ ಹೋಗುವುದು ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ಎಣಿಕೆ, ಸ್ಯಾಟ್ಸ್ (ಮಕ್ಕಳ ಮಾಹಿತಿಯ ತಂತ್ರಾಂಶ) ಎಂಟ್ರಿ, ಯಾವುದೋ ತುರ್ತು ವಾಟ್ಸ್‌ಆ್ಯಪ್ ಮಾಹಿತಿಗೆ. 'ಪಾಠದ ಸಮಯ ಕಾಪಾಡುತ್ತೀರಾ' ಅಂತ ಕೇಳಿದರೆ ಅವರು ನಗುತ್ತಾರೆ ಇಲ್ಲ ಸಿಟ್ಟಾಗುತ್ತಾರೆ. ಹಾಗಾಗಿ ಪರದೇಶದ ಪ್ರಶ್ನಾವಳಿ ಬಳಸುವುದಾದರೆ ಮೊದಲು ಅದರ ಹಕ್ಕುದಾರರ ಅನುಮತಿ ಪಡೆಯಿರಿ. ಆಮೇಲೆ ಕನ್ನಡಕ್ಕೆ ತನ್ನಿ, ಇನ್ನೊಬ್ಬರಿಂದ ಮತ್ತೆ ಇಂಗ್ಲಿಷ್‌ಗೆ ಮಾಡಿಸಿ ಎರಡನ್ನೂ ತಾಳೆ ನೋಡಿ. ಮೂವತ್ತು ಜನರ ಮೇಲೆ ಪ್ರಯೋಗ ಮಾಡಿ, ನಂತರ ಮುಖ್ಯ ಅಧ್ಯಯನಕ್ಕೆ ಇಳಿಯಿರಿ.

ನನ್ನ ತಪ್ಪಿನ ಕಥೆ ಹೀಗೆ. ಊರೂರು ತಿರುಗುವ ಕಷ್ಟ ತಪ್ಪಲಿ ಅಂತ ಹೆಡ್‌ಮಾಸ್ಟರ್‌ಗಳ ತಿಂಗಳ ಸಭೆಯಲ್ಲೇ ಪ್ರಶ್ನಾವಳಿ ಹಂಚಿದೆ. ಹತ್ತೇ ನಿಮಿಷದಲ್ಲಿ ಎಲ್ಲ ತುಂಬಿ ವಾಪಸ್ ಬಂತು. ಖುಷಿಯೋ ಖುಷಿ. ಮನೆಗೆ ಬಂದು ನೋಡಿದರೆ ಮುಕ್ಕಾಲು ಪಾಲು ಹಾಳೆಗಳಲ್ಲಿ ಎಲ್ಲದಕ್ಕೂ 'ಯಾವಾಗಲೂ' ಅಂತ ಗುರುತು. ಪಕ್ಕದವರದ್ದು ನೋಡಿ ಬರೆದದ್ದೂ ಇತ್ತು. ಮಕ್ಕಳು ಕಾಪಿ ಹೊಡೆದರೆ ಬೈಯುವವರು ನಾವು! ತಪ್ಪು ಅವರದ್ದಲ್ಲ. ಮೇಲಧಿಕಾರಿ ಎದುರಿಗೆ ಕೂತಿರುವಾಗ ಯಾರು ತಾನೇ 'ಅಪರೂಪಕ್ಕೆ' ಅಂತ ಬರೆಯುತ್ತಾರೆ? ಎಲ್ಲ ಬಿಸಾಡಿ, ಒಂದೊಂದೇ ಶಾಲೆಗೆ ಹೋದೆ. ಹೆಡ್‌ಮಾಸ್ಟರ್ ಬಗ್ಗೆ ಅವರನ್ನಷ್ಟೇ ಅಲ್ಲ, ಅಲ್ಲಿನ ಶಿಕ್ಷಕರನ್ನೂ ಬೇರೆಯಾಗಿ ಕೇಳಿದೆ. ಎರಡು ಉತ್ತರಗಳ ನಡುವಿನ ಅಂತರವೇ ಕೊನೆಗೆ ನನ್ನ ಪ್ರಬಂಧದ ಒಳ್ಳೆಯ ಅಧ್ಯಾಯವಾಯಿತು.

ಶಾಲೆಗಳಿಗೆ ಹೋಗಲು ಡಿಡಿಪಿಐ ಅಥವಾ ಬಿಇಒ ಅವರ ಪತ್ರ ಇಟ್ಟುಕೊಳ್ಳಿ. ಆದರೆ ಆ ಪತ್ರವನ್ನು ಮೊದಲೇ ಮುಖದ ಮುಂದೆ ಹಿಡಿಯಬೇಡಿ, ತಪಾಸಣೆಗೆ ಬಂದವರು ಅಂದುಕೊಳ್ಳುತ್ತಾರೆ. ಶಾಲೆಯ ಹೆಸರು ಎಲ್ಲೂ ಬರೆಯುವುದಿಲ್ಲ ಅಂತ ಮೊದಲು ಹೇಳಿ, ಹಾಗೇ ನಡೆದುಕೊಳ್ಳಿ. ಮಕ್ಕಳನ್ನು ಮಾತಾಡಿಸುವುದಾದರೆ ಪೋಷಕರ ಒಪ್ಪಿಗೆ ಬೇಕು. ಸಮಯದ ವಿಷಯಕ್ಕೆ ಬಂದರೆ, ಜೂನ್ ದಾಖಲಾತಿಯ ಗಲಾಟೆ. ಅಕ್ಟೋಬರ್‌ನಲ್ಲಿ ದಸರಾ ರಜೆ. ಜನವರಿ ದಾಟಿದರೆ ಎಸ್‌ಎಸ್‌ಎಲ್‌ಸಿ ತಲೆಬಿಸಿ. ಉಳಿಯುವುದು ಜುಲೈನಿಂದ ಸೆಪ್ಟೆಂಬರ್, ಮತ್ತೆ ನವೆಂಬರ್, ಡಿಸೆಂಬರ್. ನಡುವೆ ಚುನಾವಣೆಯೋ ಗಣತಿಯೋ ಬಂದರೆ ಅದೂ ಹೋಯಿತು. ಅದಕ್ಕೇ ಎರಡು ಶೈಕ್ಷಣಿಕ ವರ್ಷಕ್ಕೆ ಲೆಕ್ಕ ಹಾಕಿಕೊಳ್ಳಿ.

ಬರೆಯುವುದು, ಒಪ್ಪಿಸುವುದು

ಪ್ರಬಂಧ ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಅನ್ನುವುದನ್ನು ನೋಂದಣಿ ಹೊತ್ತಿಗೇ ವಿಶ್ವವಿದ್ಯಾಲಯದ ನಿಯಮ ನೋಡಿ ತೀರ್ಮಾನ ಮಾಡಿ, ಮಧ್ಯದಲ್ಲಿ ಬದಲಿಸುವುದು ರಗಳೆ.

ಕೃತಿಚೌರ್ಯದ ಬಗ್ಗೆ 2018ರ ಯುಜಿಸಿ ನಿಯಮ ಇದೆ. ಹೋಲಿಕೆ ಶೇ 10ರೊಳಗೆ ಇದ್ದರೆ ದಂಡ ಇಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಆಕರ ಹೇಳಿ ಉದ್ಧರಿಸಿದ ಮಾತು, ಗ್ರಂಥಸೂಚಿ ಇವು ಲೆಕ್ಕಕ್ಕೆ ಬರುವುದಿಲ್ಲ. 'ಬರೆದುಕೊಡುತ್ತೇವೆ, ಹೋಲಿಕೆ ಇಳಿಸಿಕೊಡುತ್ತೇವೆ' ಅನ್ನುವ ಜಾಹೀರಾತುಗಳು ವಿಶ್ವವಿದ್ಯಾಲಯದ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲೇ ಅಂಟಿಸಿರುತ್ತಾರೆ. ಮೇಷ್ಟ್ರಾದವರು ಅತ್ತ ತಲೆ ಹಾಕಬಾರದು.

ಮಹಾಪ್ರಬಂಧ ಒಪ್ಪಿಸುವ ಮುಂಚೆ ಸಂಶೋಧನಾ ಲೇಖನ ಪ್ರಕಟಿಸಲೇಬೇಕು ಅನ್ನುವುದು 2016ರ ನಿಯಮ. ಒಂದು ಲೇಖನದ ಪ್ರಕಟಣೆ, ಸಮ್ಮೇಳನಗಳಲ್ಲಿ ಎರಡು ಮಂಡನೆ ಆಗ ಕಡ್ಡಾಯ. 2022ರಲ್ಲಿ ಅದನ್ನು ತೆಗೆದರು. ಆದರೆ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಕೇಳಬಹುದು, ವಿಚಾರಿಸಿ. ಕೇಳದಿದ್ದರೂ ಒಂದು ಪ್ರಕಟಿಸಿ. ದುಡ್ಡು ಕೊಟ್ಟರೆ ಮೂರೇ ದಿನದಲ್ಲಿ ಅಚ್ಚು ಹಾಕುವ ಪತ್ರಿಕೆಗಳಲ್ಲಿ ಮಾತ್ರ ಬೇಡ.

ಪ್ರಬಂಧ ನಿಮ್ಮ ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ. ವರದಿ ಚೆನ್ನಾಗಿ ಬಂದರೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಇಡೀ ಮೌಲ್ಯಮಾಪನ ಆರು ತಿಂಗಳಲ್ಲಿ ಮುಗಿಯಬೇಕು ಅಂತ ನಿಯಮ ಹೇಳುತ್ತದೆ. ತಡವಾದರೆ ಆ ಸಾಲನ್ನು ವಿನಯದಿಂದ ನೆನಪಿಸುವ ಪತ್ರ ಬರೆಯಬಹುದು.

ವಿದೇಶದ ಎಡ್.ಡಿ., ಆನ್‌ಲೈನ್ ಆಮಿಷ

ಅಮೆರಿಕದಲ್ಲಿರುವ ನಮ್ಮವರೂ ಇದನ್ನು ಕೇಳುತ್ತಾರೆ. ಅಲ್ಲಿ ಶೈಕ್ಷಣಿಕ ನಾಯಕತ್ವಕ್ಕೆ ಜನಪ್ರಿಯ ಪದವಿ ಎಡ್.ಡಿ. (ಡಾಕ್ಟರ್ ಆಫ್ ಎಜುಕೇಶನ್). ಹಾರ್ವರ್ಡ್ ಅದನ್ನು ಶುರು ಮಾಡಿ ನೂರು ವರ್ಷ ಆಯಿತು. ಸಾಮಾನ್ಯವಾಗಿ ಕೇಳುವುದು ಸ್ನಾತಕೋತ್ತರ ಪದವಿ, ಶಾಲೆಯಲ್ಲಿ ಕೆಲವು ವರ್ಷದ ಅನುಭವ, ಶಿಫಾರಸು ಪತ್ರಗಳು, ಉದ್ದೇಶದ ಬರಹ. ಬ್ಯಾಚಿನಲ್ಲಿ ಒಟ್ಟಿಗೆ ಓದಿ, ತಮ್ಮದೇ ಶಾಲೆ ಅಥವಾ ಡಿಸ್ಟ್ರಿಕ್ಟ್‌ನ ಒಂದು ನಿಜವಾದ ಸಮಸ್ಯೆಯ ಮೇಲೆ ಪ್ರಬಂಧ ಬರೆಯುತ್ತಾರೆ. ಪದವಿ ಬಂದ ಮಾತ್ರಕ್ಕೆ ಪ್ರಿನ್ಸಿಪಾಲ್ ಅಥವಾ ಸೂಪರಿಂಟೆಂಡೆಂಟ್ ಆಗಲು ಆಗದು, ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಆಯಾ ರಾಜ್ಯದ ಲೈಸೆನ್ಸ್ ಬೇರೆಯೇ ಬೇಕು.

ಇಲ್ಲಿ ಕೂತು ವಿದೇಶಿ ಪಿಎಚ್‌ಡಿಯನ್ನು ಆನ್‌ಲೈನ್ ಮಾಡಿಸುತ್ತೇವೆ ಅನ್ನುವ ಎಡ್‌ಟೆಕ್ ಕಂಪನಿಗಳ ಕರೆ ನಿಮಗೂ ಬಂದಿರಬಹುದು. ಅಂಥ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಎರಡೂ 2022ರಲ್ಲೇ ಎಚ್ಚರಿಸಿವೆ. ದೇಶದೊಳಗೂ ನೋಡಿಕೊಳ್ಳಿ. ನಿಯಮ ಮುರಿದದ್ದಕ್ಕೆ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳಿಗೆ 2025ರ ಜನವರಿಯಲ್ಲಿ ಐದು ವರ್ಷ ಪಿಎಚ್‌ಡಿ ಪ್ರವೇಶವನ್ನೇ ನಿಲ್ಲಿಸಿದರು. ಎರಡೇ ವರ್ಷದಲ್ಲಿ ಮುಗಿಸಿಕೊಡುತ್ತೇವೆ ಅಂದವರಿಗೆ, ಕನಿಷ್ಠ ಮೂರು ವರ್ಷ ಅನ್ನುವ ನಿಯಮ ತೋರಿಸಿ ಫೋನ್ ಇಡಿ.

ವೈವಾ ಮುಗಿದ ಮೇಲೆ ಹಾರ, ಫೋಟೊ, ಸ್ಟೇಟಸ್ ಎಲ್ಲ ಆಗುತ್ತದೆ. ಆ ಸಂಭ್ರಮದಲ್ಲಿ ಒಂದು ಕಾಗದ ಮರೆಯಬೇಡಿ. ಘಟಿಕೋತ್ಸವಕ್ಕೆ ಮುಂಚೆ ವಿಶ್ವವಿದ್ಯಾಲಯ ಕೊಡುವ ತಾತ್ಕಾಲಿಕ ಪ್ರಮಾಣಪತ್ರದಲ್ಲಿ, ಈ ಪದವಿ ಯುಜಿಸಿಯ ಇಂಥ ನಿಯಮಾವಳಿಯ ಪ್ರಕಾರ ಕೊಟ್ಟದ್ದು ಅನ್ನುವ ಸಾಲು ಇರಬೇಕು. ಮುಂದೆ ಕಾಲೇಜು ಹುದ್ದೆಗೆ ಅರ್ಜಿ ಹಾಕುವಾಗ ಮೊದಲು ಕೇಳುವುದು ಅದನ್ನೇ. ಮಹಾಪ್ರಬಂಧದ ಸಾಫ್ಟ್ ಕಾಪಿ ಶೋಧಗಂಗಾಕ್ಕೆ ಹೋಗಿದೆಯಾ ಅಂತಲೂ ಒಮ್ಮೆ ತೆರೆದು ನೋಡಿ. ನನ್ನದರಲ್ಲಿ ಮೂರನೇ ಅಧ್ಯಾಯ ಎರಡು ಸಲ ಏರಿತ್ತು, ನಾಲ್ಕನೆಯದು ಇರಲೇ ಇಲ್ಲ.